ದೇವರಾಜು ನಿಂತಿದ್ದ ಜಾಗ

ಹಾರೆ ಮೂರನೆಯ ಸಲವೂ ಬಂಡೆಗೆ ಬಡಿದು ಕಿಡಿ ಹಾರಿದಾಗ ಪ್ರಕಾಶ್ ಅದನ್ನು ಗುಂಡಿಯಿಂದ ಆಚೆಗೆ ಬೀಸಿ ಎಸೆದ. ಮಣ್ಣಿನ ಗುಡ್ಡೆಯ ಮೇಲೆ ಬೀಡಿ ಸೇದುತ್ತ ಕೂತಿದ್ದ ನೆಂಟನೊಬ್ಬನ ಕಾಲಿನಿಂದ ಒಂದು ಗೇಣು ಈಚೆಗೆ ಅದು ನಾಟಿಕೊಂಡಿತು.

“ಸಾಯಿಸ್ಬುಡ್ತೀಯೇನ್ಲಾ?” ನೆಂಟ ಹಾರಿ ಎದ್ದ.

“ಸತ್ರೆ ಇನ್ನೊಂದ್ ಗುಂಡಿ ತೋಡ್ತೀನಿ. ಹೆಂಗೂ ಕೈ ಓಡ್ತಾ ಐತೆ.”

“ನಮ್ಮೇಲ್ ಯಾಕಪ್ಪ ನಿನ್ ಕ್ವಾಪ? ನಿಮ್ಮಣ್ಣ ಒಸಿ ನೋಡ್ಕೊಂಡ್ ನಿಂತಿದ್ರೆ ನಾವ್ಯಾಕ್ ಇಲ್ಲಿ ಬಿಸ್ಲಲ್ ಒಣಗ್ತಿದ್ವಿ? ಸೋಮ್ವಾರ ಬೆಳಗೆದ್ದೇ ಹಾಕ್ಕೊಂಡ್ ಹೋಗಿದ್ದ ಅಂತಾರೆ ಜನ…”

ಮಾತು ಮುಗಿಯುವಷ್ಟರಲ್ಲಿ ಪ್ರಕಾಶ್ ಗುಂಡಿಯಿಂದ ಮೇಲಕ್ಕೆ ಬಂದಿದ್ದ. ಮೊದಲ ಏಟಿಗೇ ನೆಂಟನ ಬೀಡಿ, ಅದರ ಹಿಂದೆಯೇ ಒಂದು ಹಲ್ಲು, ಎರಡೂ ಮಣ್ಣಿಗೆ ಬಿದ್ದವು. ನಾಲ್ಕು ಜನ ಸೇರಿ ಹಿಡಿದುಕೊಂಡರೂ ಪ್ರಕಾಶ್ ಕಾಲಿನಿಂದ ಒದೆಯುತ್ತಲೇ ಇದ್ದ. ಅಣ್ಣನ ಹೆಣ ಇನ್ನೂ ಮನೆಯ ಮುಂದೆ ಚಪ್ಪರದ ಕೆಳಗಿರುವಾಗ ತಮ್ಮ ಹೀಗೆ ಹೊಲದಲ್ಲಿ ಹೊಡೆದಾಡುತ್ತಿರುವುದನ್ನು ಕಂಡು ಹಿರಿಯರು ಬೈದರು. ಬೈದವರಿಗೂ ಅವನ ಕೈಗೆ ಸಿಗುವಷ್ಟು ಹತ್ತಿರ ಹೋಗುವ ಧೈರ್ಯವಿರಲಿಲ್ಲ.

ಗುಂಡಿಯೊಳಗೆ ಉಳಿದವನು ಲೋಕೇಶ್ ಒಬ್ಬನೇ. ಸತ್ತ ದೇವರಾಜುವಿನ ಹೆಂಡತಿ ಭಾನುಪ್ರಿಯಳಿಗೆ ಅವನು ಒಡಹುಟ್ಟಿದ ತಮ್ಮ. ಸಲಿಕೆ ಹಿಡಿದು ನೆಲ ನೋಡುತ್ತ ನಿಂತಿದ್ದ. ದೇವರಾಜು ಸೋಮವಾರ ಕುಡಿದಿರಲಿಲ್ಲ. ಅವತ್ತು ಬೆಳಿಗ್ಗೆ ಗಾಲ್ಫ್ ಕ್ಲಬ್ಬಿನ ಗೇಟಿನೆದುರಿನ ಅಂಗಡಿಯಲ್ಲಿ ಇಬ್ಬರೂ ಬನ್ನನ್ನು ಚಹಾದಲ್ಲಿ ಅದ್ದಿಕೊಂಡು ತಿಂದಿದ್ದರು. ಅಷ್ಟನ್ನಾದರೂ ಹೇಳಬಹುದಿತ್ತು. ಅಷ್ಟು ಹೇಳಲು ಬಾಯಿ ತೆರೆದರೆ ಉಳಿದದ್ದೂ ಹೊರಗೆ ಬಂದೀತೆಂದು ಅವನು ತೆರೆದ ಬಾಯನ್ನು ಮುಚ್ಚಿಕೊಂಡ.

ಚೆಂಡು ಹೊಡೆದವನು ಲೋಕೇಶನೇ ಎನ್ನುವುದು ಇಡೀ ಕಲ್ಯ ಗ್ರಾಮಕ್ಕೆ ಗೊತ್ತಿತ್ತು. ಅದಕ್ಕೆ ಯಾರೂ ಅವನನ್ನು ದೂರಲಿಲ್ಲ. ಇನ್ನೂರು ಗಜ ದೂರದಿಂದ ಬಂದ ಚೆಂಡು ದೇವರಾಜುವಿನ ಕಪಾಲಕ್ಕೆ ಬಡಿದಿತ್ತು. ಎರಡು ದಿನ ರಾಮನಗರದ ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದವನು ಬುಧವಾರ ಮಧ್ಯಾಹ್ನ ಹೋಗಿಬಿಟ್ಟ. ಹೊಡೆದವನು ಗಾಲ್ಫ್ ಮೈದಾನದ ಗುಡ್ಡೆಯ ಈಚೆ, ನಿಂತವನು ಗುಡ್ಡೆಯ ಆಚೆ. ಇಂಥ ಕಡೆ ತಪ್ಪು ನಿಂತವನದೇ ಆಗಬೇಕಲ್ಲವೇ? ಬದುಕಿರುವವರ ಮೇಲೆ ತಪ್ಪು ಹೊರಿಸಿದರೆ ಜಗಳ, ಸತ್ತವನ ಮೇಲೆ ಹೊರಿಸಿದರೆ ಯಾರಿಗೂ ತೊಂದರೆಯಿಲ್ಲ. ಹಾಗಾಗಿ ಊರು ಮೂರೇ ದಿನದಲ್ಲಿ ದೇವರಾಜುವನ್ನು ಕುಡುಕನನ್ನಾಗಿಯೂ ಅಜಾಗರೂಕನನ್ನಾಗಿಯೂ ಮಾಡಿ ಮುಗಿಸಿತ್ತು.

“ತೋಡೋ ಲೋಕಿ,” ಎಂದ ಪ್ರಕಾಶ್ ಮತ್ತೆ ಗುಂಡಿಗೆ ಇಳಿಯುತ್ತ. ಅವನ ಬೆರಳಿನ ಗೆಣ್ಣು ಸುಲಿದು ರಕ್ತ ಬರುತ್ತಿತ್ತು. “ನಮ್ಮಣ್ಣ ತಪ್ಪು ಜಾಗ್ದಲ್ ನಿಂತಿದ್ದ ಅಂತ ಇನ್ಯಾವನಾದ್ರೂ ಅನ್ಲಿ. ಅವನ್ನೂ ಇದ್ರೊಳಕ್ಕೇ ಹಾಕ್ತೀನಿ.”

* * *

ನಿಲ್ಲುವುದೇ ದೇವರಾಜುವಿನ ಕೆಲಸವಾಗಿತ್ತು. ಕೇಳಿದವರು ನಗುತ್ತಿದ್ದರು. ಗಾಲ್ಫ್ ಆಡುವವರ ಚೀಲ ಹೊರುವವನು ಕ್ಯಾಡಿ. ಚೀಲ ಹೊರದೆ ಮೊದಲೇ ಮುಂದಕ್ಕೆ ಹೋಗಿ, ಚೆಂಡು ಬೀಳುವ ಕಡೆ ನಿಂತು, ಅದು ಯಾವ ಲಂಟಾನ ಪೊದೆಗೆ, ಯಾವ ಬಂಡೆಯ ಸಂದಿಗೆ ಹೋಯಿತೆಂದು ಕಣ್ಣಿಟ್ಟು ನೋಡುವವನನ್ನು ಅಲ್ಲಿನವರು ಮುಂದಾಳು ಎನ್ನುತ್ತಿದ್ದರು. ದೇವರಾಜು ಇಪ್ಪತ್ತೆರಡು ವರ್ಷ ಮುಂದಾಳಾಗಿದ್ದ. ಯಾವ ಮೆಂಬರು ಯಾವ ಕೋಲು ಹಿಡಿದರೆ ಚೆಂಡು ಎಲ್ಲಿಗೆ ಬರುತ್ತದೆ, ಎಷ್ಟು ಪುಟಿಯುತ್ತದೆ, ಅವರು ಹೆಂಡತಿಯ ಜೊತೆ ಜಗಳವಾಡಿ ಬಂದ ದಿನ ಎಷ್ಟು ಬಲಕ್ಕೆ ವಾಲುತ್ತದೆ, ಎಲ್ಲವೂ ಅವನ ಕಾಲಿಗೆ ಗೊತ್ತಿತ್ತು.

ಹನ್ನೆರಡು ವರ್ಷದ ಹಿಂದೆ, ಪಿಯುಸಿ ಫೇಲಾಗಿ ಅಕ್ಕನ ಮನೆಯಲ್ಲಿ ಉಂಡುಕೊಂಡು ಬಿದ್ದಿದ್ದ ಲೋಕೇಶನನ್ನು ಅವನು ಮಾಗಡಿ ರಸ್ತೆಯ ಆ ಕ್ಲಬ್ಬಿಗೆ ಕರೆದುಕೊಂಡು ಹೋದ. ಮೊದಲ ದಿನವೇ ಚೆಂಡೊಂದು ಲೋಕೇಶನ ಕಿವಿಯ ಪಕ್ಕದಲ್ಲಿ ಜುಯ್ಯೆಂದು ಹೋಯಿತು. ಅವನು ಹೆದರಿಕೆಗೆ ನಕ್ಕ. ದೇವರಾಜು ಹುಲ್ಲು ದಾಟಿ ಬಂದವನೇ ಕೆನ್ನೆಗೆ ಬಾರಿಸಿದ. ಬಾಯಲ್ಲಿ ಉಪ್ಪುಪ್ಪು ರಕ್ತ ಬಂತು.

“ಎಲ್ ನಿಂತಿದ್ದೆ?”

“ಇಲ್ಲೇ ಭಾವ.”

ಇನ್ನೊಂದು ಏಟು. “ಚೆಂಡ್ ಬೀಳೋ ಜಾಗ್ದಲ್ ನಿಂತಿದ್ದೆ. ಚೆಂಡ್ ನೋಡೋ ಜಾಗ ಅದಲ್ಲ. ನಿಮ್ಮಕ್ಕಂಗೆ ನಿನ್ ಹೆಣ ತಗೊಂಡೋಗಿ ಕೊಡ್ಲಾ ನಾನು?”

ಹೊಡೆಯುವ ಕೈ ಅವನದು, ಆದರೆ ಕಂಡವರಿಗೆಲ್ಲ ಎತ್ತುವ ಕೈಯಲ್ಲ. ಒಮ್ಮೆ ಒಬ್ಬ ಮೆಂಬರು ಚೆಂಡು ಸಿಗಲಿಲ್ಲವೆಂಬ ಸಿಟ್ಟಿಗೆ ಕೈಯಲ್ಲಿದ್ದ ಕೋಲನ್ನೇ ಬೀಸಿ ದೇವರಾಜುವಿನ ಮೊಣಕಾಲಿನ ಕೆಳಗೆ ಹೊಡೆದ. ಚರ್ಮ ಸೀಳಿ ಬಿಳಿ ಎಲುಬು ಕಾಣಿಸಿತು. ದೇವರಾಜು ಬಗ್ಗಿ ಆ ಕೋಲನ್ನೆತ್ತಿ, ಅದಕ್ಕೆ ಅಂಟಿದ್ದ ತನ್ನ ರಕ್ತವನ್ನು ಟವೆಲ್ಲಿನಿಂದ ಒರೆಸಿ, ಚೀಲಕ್ಕೆ ಹಾಕಿದ. ಕುಂಟುತ್ತ ಹೋಗಿ ಪೊದೆಯಿಂದ ಚೆಂಡನ್ನೂ ತಂದುಕೊಟ್ಟ. ಲೋಕೇಶನಿಗೆ ಆ ಮೆಂಬರನ್ನು ಅಲ್ಲೇ ಕೊಂದುಹಾಕುವಷ್ಟು ಸಿಟ್ಟು ಬಂದಿತ್ತು.

“ನೀನ್ಯಾಕ್ ಭಾವ ವಾಪಸ್ ಹೊಡೀಲಿಲ್ಲ?”

“ಹೊಡೀಬೋದಿತ್ತು ಕಣ್ಲಾ. ಹೊಡೆದ್ರೆ ನಾಳೆ ಎಲ್ ನಿಂತ್ಕಳದು?”

* * *

ಮನೆಯ ಮುಂದೆ ಹೆಣಕ್ಕೆ ಸ್ನಾನ ಮಾಡಿಸಿ ಹೊಸ ಪಂಚೆ ಉಡಿಸಿದ್ದರು. ತಲೆಗೆ ಸುತ್ತಿದ್ದ ಆಸ್ಪತ್ರೆಯ ಬ್ಯಾಂಡೇಜಿನ ಮೇಲೆ ಯಾರೋ ಪೇಟ ಕಟ್ಟಿದ್ದರು. ಪೇಟದ ಎಡಬದಿ ಒಂಚೂರು ಉಬ್ಬಿಕೊಂಡಿತ್ತು. ತಮಟೆಯವರು ಚರ್ಮವನ್ನು ಬೆಂಕಿಗೆ ಕಾಯಿಸಿ ಬಡಿಯಲು ಶುರುಮಾಡಿದ್ದರು.

ಕ್ಲಬ್ಬಿನಲ್ಲಿ ಕ್ಯಾಡಿಗಳನ್ನೆಲ್ಲ ನೋಡಿಕೊಳ್ಳುವ ಹಬೀಬ್ ದೊಡ್ಡದೊಂದು ಹಾರ ತಂದಿದ್ದ. ಹೆಣದ ಮೇಲೆ ಹಾರ ಹಾಕಿ, ಕಣ್ಣೊರೆಸಿಕೊಂಡ. ಆ ಕಣ್ಣೀರು ಸುಳ್ಳಲ್ಲ. ಅವನೂ ದೇವರಾಜುವೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಆದರೆ ಹಾರದ ಜೊತೆಗೆ ಅವನ ಜೇಬಿನಲ್ಲಿ ಒಂದು ಕಾಗದವೂ ಇತ್ತು. ಅದನ್ನು ಭಾನುಪ್ರಿಯಳ ಕೈಗೆ ಕೊಡಲಾರದೆ, ಮಾಗಡಿಯಲ್ಲಿ ಡಿಗ್ರಿ ಓದುವ ಅವಳ ಮಗಳು ಸಿರಿಯ ಕೈಗೆ ಕೊಟ್ಟ.

“ಆಫೀಸ್ನೋರು ಕಳಿಸವ್ರಮ್ಮ. ಪೊಲೀಸ್ ಸ್ಟೇಶನ್ಗೆ ಕೊಡ್ಬೇಕಂತೆ. ಅಮ್ಮಂದು ಒಂದ್ ಸೈನ್ ಬೇಕಿತ್ತು.”

ಸಿರಿ ನಿಂತಲ್ಲೇ ಗಟ್ಟಿಯಾಗಿ ಓದಿದಳು. ‘ನನ್ನ ಪತಿ ದೇವರಾಜು ರವರು ಸುರಕ್ಷಿತವಲ್ಲದ ಜಾಗದಲ್ಲಿ ತಮ್ಮ ಸ್ವಂತ ಅಜಾಗರೂಕತೆಯಿಂದ ನಿಂತಿದ್ದು…’ ಮುಂದಕ್ಕೆ ಓದದೆ ಕಾಗದವನ್ನು ಕೆಳಗಿಳಿಸಿದಳು. “ಇದನ್ ಬರೆದೋರು ಅಲ್ಲಿದ್ರಾ ಅಂಕಲ್?”

“ಇಲ್ಲಮ್ಮ.”

ಹೆಣದ ತಲೆಯ ಹತ್ತಿರ ಕೂತಿದ್ದ ಅಂಬುಜಮ್ಮ, ದೇವರಾಜುವಿನ ತಾಯಿ, ಮುಖವೆತ್ತಿದಳು. ಬೆಳಗಿನಿಂದ ಅವಳು ಅತ್ತಿರಲಿಲ್ಲ.

“ನನ್ ಮಗ ತಪ್ಪು ಜಾಗ್ದಲ್ ನಿಲ್ಲೋನಲ್ಲ. ಮದ್ವೇಲ್ ಫೋಟೋ ತೆಗೆಯೋವಾಗ್ಲೂ ಎಲ್ ನಿಲ್ಬೇಕೋ ಅಲ್ಲೇ ನಿಂತೋನು. ಸೈನ್ ಹಾಕ್ದ್ರೆ ನಿನ್ ಕೈ ಸೇದೋಗ್ತದೆ ಭಾನಿ.”

ಪಕ್ಕದ ಹೆಂಗಸರು ಸಮಾಧಾನ ಹೇಳಿದರು. ಹೋದವನು ಹೋದ, ಕಾಗದಕ್ಕೆ ಎಷ್ಟು ದಿನ ಅಲೆಯುವುದು, ಹಾಕಿಬಿಡಲಿ ಎಂದರು. ಭಾನುಪ್ರಿಯ ಯಾರ ಮಾತನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಮಣ್ಣು ಮೆತ್ತಿದ ಕೈಯಲ್ಲೇ ಹೊಲದಿಂದ ಬಂದು ನಿಂತಿದ್ದ ತಮ್ಮನನ್ನು ನೋಡಿದಳು.

“ಲೋಕಿ, ಅಲ್ಲಿದ್ದೋನು ನೀನೊಬ್ನೇ. ನೀನೇಳು. ನಿಮ್ ಭಾವ ತಪ್ಪು ಜಾಗ್ದಲ್ ನಿಂತಿದ್ರಾ? ಹೂಂ ಅನ್ನು, ಸೈನ್ ಹಾಕ್ತೀನಿ. ಇನ್ಯಾರ್ ಮಾತೂ ನಂಗ್ ಬ್ಯಾಡ.”

ತಮಟೆ ಜೋರಾಯಿತು. ಲೋಕೇಶನಿಗೆ ಅದೊಂದು ನೆಪ ಸಿಕ್ಕಿತು. ಕೇಳಿಸಲಿಲ್ಲವೆಂಬಂತೆ ಚಟ್ಟದ ಹಗ್ಗ ಬಿಗಿಯಲು ಬಗ್ಗಿದ. “ಮಣ್ಣಾಗ್ಲಿ ಅಕ್ಕ. ಆಮೇಲ್ ಮಾತಾಡನ.”

ಹಬೀಬ್ ಅವನನ್ನು ಹಿತ್ತಲಿನ ಕಡೆಗೆ ಎಳೆದುಕೊಂಡು ಹೋದ. “ಹೂಂ ಅಂದ್ಬಿಡು ಲೋಕೇಶ್. ಸೋಮ್ವಾರ ನೀನ್ ಹಿಡ್ದಿದ್ ಕೋಲು ಮೆಂಬರ್ದು. ಸ್ಟೋರಿಂದ ನಿಂಗ್ ತೆಗ್ದುಕೊಟ್ಟೋನು ನಾನು. ಗೊತ್ತಾದ್ರೆ ನನ್ ಕೆಲ್ಸ ಹೋಯ್ತು, ನಿಂದೂ ಹೋಯ್ತು. ನಿನ್ ಪ್ರೋ ಟೆಸ್ಟು ಇನ್ನ್ ಎರಡ್ ತಿಂಗ್ಳಿದೆ. ದೇವರಾಜು ವಾಪಸ್ ಬರ್ತಾನಾ?”

“ಕೋಲ್ ಎಲ್ಲಿಟ್ಟಿದ್ದೀಯ?”

“ಒರೆಸ್ಬಿಟ್ಟು ಅದ್ರ ಜಾಗಕ್ಕೇ ಇಟ್ಟೆ.” ಹಬೀಬ್ ಬೇರೆಲ್ಲೋ ನೋಡಿದ. “ನಾನೂ ನಾಲ್ಕ್ ದಿನದಿಂದ ಊಟ ಮಾಡಿಲ್ಲಪ್ಪ.”

* * *

ಸೋಮವಾರ ಕ್ಲಬ್ಬಿಗೆ ರಜೆ. ಅವತ್ತು ಬೆಳಿಗ್ಗೆ ಕ್ಯಾಡಿಗಳು ಆಡಬಹುದು. ಲೋಕೇಶ್ ಅವರಲ್ಲೆಲ್ಲ ಚೆನ್ನಾಗಿ ಆಡುವವನು. ವೃತ್ತಿ ಆಟಗಾರರನ್ನು ಆರಿಸುವ ಪರೀಕ್ಷೆಗೆ ಹೆಸರು ಕೊಟ್ಟಿದ್ದ. ಮೂವತ್ತು ದಾಟಿತ್ತು, ಇದೊಂದು ಸಲ ಆಗದಿದ್ದರೆ ಕೊನೆಯವರೆಗೂ ಇನ್ನೊಬ್ಬರ ಚೀಲವೇ ಗತಿ. ಅವನ ಅಭ್ಯಾಸಕ್ಕೆ ದೇವರಾಜು ಪ್ರತಿ ಸೋಮವಾರ, ತನ್ನ ರಜೆಯ ದಿನ, ಹೋಗಿ ಮುಂದೆ ನಿಲ್ಲುತ್ತಿದ್ದ.

ಲೋಕೇಶನ ಬಳಿ ಇದ್ದದ್ದು ಒಬ್ಬ ಮುದುಕ ಮೆಂಬರು ಬಿಟ್ಟುಹೋದ ಹಳೆಯ ಸೆಟ್ಟು. ಅದರಲ್ಲಿ ಮೂರನೆಯ ನಂಬರಿನ ಕಬ್ಬಿಣದ ಕೋಲು ಅವನಿಗೆ ಪ್ರಾಣ, ಅದೇ ಶತ್ರು. ಸರಿಯಾಗಿ ಸಿಕ್ಕರೆ ಚೆಂಡು ಅಳೆದಂತೆ ನೂರಾ ತೊಂಬತ್ತು ಗಜಕ್ಕೆ ಹೋಗಿ ಬೀಳುತ್ತಿತ್ತು. ಸಿಗದಿದ್ದರೆ ನೆಲ ಕೆರೆದುಕೊಂಡು ಓಡುತ್ತಿತ್ತು. ಎತ್ತರದ ಹುಲ್ಲಿನಿಂದಂತೂ ಏಳುತ್ತಲೇ ಇರಲಿಲ್ಲ. ಈಗ ಆಡುವವರೆಲ್ಲ ಅದನ್ನು ಕೈಬಿಟ್ಟು ಹೈಬ್ರಿಡ್ ಹಿಡಿಯುತ್ತಿದ್ದರು. ಕಬ್ಬಿಣದ ಕೋಲಿನ ಹಾಗೆ ಹಿಡಿತ, ಮರದ ಕೋಲಿನ ಹಾಗೆ ದಪ್ಪ ಬುರುಡೆ, ಚೆಂಡು ಇನ್ನೂ ಎತ್ತರಕ್ಕೆ, ಇನ್ನೂ ದೂರಕ್ಕೆ. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಲೋಕೇಶನಿಗೆ ನಾಲ್ಕು ತಿಂಗಳಿಂದ ಅದೇ ಧ್ಯಾನ. ಒಂದು ದಿನ ಬದಲಾಯಿಸಲೇಬೇಕು ಅನ್ನಿಸುತ್ತಿತ್ತು. ಮಾರನೆಯ ದಿನ ಹಳೆಯ ಕೋಲಿನಿಂದ ಒಂದು ಹೊಡೆತ ಸರಿಯಾಗಿ ಕೂತರೆ ಸಾಕು, ಬೇಡ, ಇದೇ ಇರಲಿ ಅನ್ನಿಸುತ್ತಿತ್ತು.

ದೇವರಾಜುವಿಗೆ ಹೈಬ್ರಿಡ್ ಎಂದರೆ ತಮಾಷೆ. “ಹೈಬ್ರಿಡ್ ಟೊಮೊಟೊ ತಂದು ನಿಮ್ಮಕ್ಕ ಸಾರ್ ಮಾಡ್ತಾಳಲ್ಲ, ಕೆಂಪ್ಗೆ ಕಾಣ್ತದೆ, ಹುಳಿ ಎಲ್ಲೈತ್ಲಾ?”

ಸಾಯುವುದಕ್ಕೆ ಹದಿನೈದು ದಿನ ಮೊದಲು ತಮಾಷೆ ಮುರಿಯಿತು. ಅವತ್ತು ಆಟ ಕೆಟ್ಟು ಮನೆಗೆ ಬಂದ ಲೋಕೇಶ್ ಮೂರನೆಯ ಕೋಲನ್ನು ಹಿಡಿದು ಅಂಗಳದ ಬಟ್ಟೆ ಒಗೆಯುವ ಕಲ್ಲಿಗೆ ಅಪ್ಪಳಿಸಿದ. ಕೋಲು ಮುರಿಯಲಿಲ್ಲ, ಕಲ್ಲಿನ ಅಂಚು ಸಿಡಿಯಿತು. ಚೂರು ಹಾರಿ ಸಿರಿಯ ಹಣೆಗೆ ತಾಗಿ ರಕ್ತ ಬಂತು. ದೇವರಾಜು ಊಟದ ತಟ್ಟೆ ಬಿಟ್ಟು ಎದ್ದು ಬಂದು ಲೋಕೇಶನ ಕತ್ತು ಹಿಡಿದು ಗೋಡೆಗೆ ಒತ್ತಿದ. ಮುದ್ದೆ ಮೆತ್ತಿದ ಬೆರಳುಗಳು ಗಂಟಲಿಗೆ ಬಿಗಿದು ಲೋಕೇಶನ ಕಾಲು ನೆಲ ಬಿಟ್ಟಿತು.

“ತಪ್ಪು ಕೋಲ್ದಾ ನಿಂದಾ?”

“ಹಳೇದ್ ಭಾವ ಅದು… ಕಾಲ ಬದ್ಲಾಗೈತೆ… ನೀನ್ ಬುಡಲ್ಲ…”

ದೇವರಾಜು ಕೈ ಸಡಿಲಿಸಿದ.

“ತಗೊ. ನಾನ್ ಬ್ಯಾಡ ಅನ್ನಲ್ಲ. ಆದ್ರೆ ನಂಗೇಳ್ಬುಟ್ಟು ತಗೊ. ಐವತ್ ಚೆಂಡ್ ಹೊಡ್ದು ತೋರ್ಸು. ಅದು ಎಲ್ ಬೀಳ್ತದೆ ಅಂತ ನೋಡ್ಕಂಡ್ ಆಮೇಲ್ ನಿಂತ್ಕತೀನಿ. ಅದ್ಕೆ ಒಂದ್ ಕೈ ಎತ್ತದಾ ಎರಡ್ ಕೈ ಎತ್ತದಾ ಅಂತಾನೂ ಇನ್ನೂ ಗೊತ್ತಿಲ್ಲ ನಮ್ಗೆ.”

ಕೈ ಎತ್ತುವುದು ಏಳನೆಯ ಅಂಕಣದ, ಎಂದರೆ ಏಳನೆಯ ಕುಳಿಗೆ ಆಡುವ ಬಯಲಿನ, ಪದ್ಧತಿ. ಅಲ್ಲಿ ನಡುವೆ ಗುಡ್ಡೆಯಿದೆ, ಹೊಡೆಯುವವನಿಗೆ ಮುಂದಾಳು ಕಾಣುವುದಿಲ್ಲ. ಗುಡ್ಡೆಯ ಆಚೆ ಎರಡೂ ಬದಿ ಬಂಡೆ, ನಿಲ್ಲಲು ಇರುವುದು ನಡುವಣ ಇಕ್ಕಟ್ಟಾದ ಹುಲ್ಲು ಮಾತ್ರ. ಹಾಗಾಗಿ ಹೊಡೆಯುವ ಮೊದಲು ಒಬ್ಬರು ಗುಡ್ಡೆಯ ಮೇಲಿನ ಕಲ್ಲಿಗೆ ಹತ್ತಿ ಕೈ ಎತ್ತಿ ತೋರಿಸಬೇಕು. ಒಂದು ಕೈ ಎತ್ತಿದರೆ ಕಬ್ಬಿಣ. ಆಗ ದೇವರಾಜು ಚೆಂಡು ಬೀಳುವ ಕಡೆಯಿಂದ ಇಪ್ಪತ್ತು ಹೆಜ್ಜೆ ಆಚೆ, ಹೊಂಗೆ ಮರದ ಮುಂದೆ ನಿಲ್ಲುತ್ತಿದ್ದ. ಎರಡು ಕೈ ಎತ್ತಿದರೆ ಮರ, ಚೆಂಡು ಇನ್ನೂ ದೂರ ಬರುತ್ತದೆ. ಆಗ ಬಂಡೆಯ ಹಿಂದಕ್ಕೆ ಸರಿಯುತ್ತಿದ್ದ. ಕಬ್ಬಿಣವೂ ಅಲ್ಲದ ಮರವೂ ಅಲ್ಲದ ಕೋಲಿಗೆ ಅವರಲ್ಲಿ ಸನ್ನೆಯೇ ಇರಲಿಲ್ಲ.

ಆ ಸೋಮವಾರ ಲೋಕೇಶ್ ಹಬೀಬನಿಂದ ಹೊಸ ಹೈಬ್ರಿಡ್ ಇಸಿದುಕೊಂಡು ಟವೆಲ್ಲಿನಲ್ಲಿ ಸುತ್ತಿ ಚೀಲದಲ್ಲಿಟ್ಟಿದ್ದ. ಏಳನೆಯದಕ್ಕೆ ಬರುವ ತನಕ ಹೊರಗೆ ತೆಗೆಯಲಿಲ್ಲ. ಕಲ್ಲು ಹತ್ತಿ ನಿಂತು ಒಂದು ಕ್ಷಣ ಯೋಚಿಸಿದ. ಭಾವ ಹೊಂಗೆ ಮರದ ಹತ್ತಿರ, ಹಣೆಗೆ ಕೈ ಅಡ್ಡ ಹಿಡಿದು, ಸನ್ನೆಗೆ ಕಾಯುತ್ತಿದ್ದ. ಲೋಕೇಶ್ ಒಂದೇ ಕೈ ಎತ್ತಿದ. ಚೆಂಡು ಭಾವನ ಕಾಲ ಬಳಿ ಬಂದು ಉರುಳಲಿ, ಅವನು ಬಾಯಿ ಬಿಟ್ಟುಕೊಂಡು ‘ಇದ್ಯಾವ್ ಕೋಲ್ಲಾ?’ ಎನ್ನಲಿ ಎಂಬ ಆಸೆ. ಅಷ್ಟೇ, ಇನ್ನೇನೂ ಇರಲಿಲ್ಲ ಅವನ ಮನಸ್ಸಿನಲ್ಲಿ.

ಕೆಳಗಿಳಿದು ಬಂದು ಹೊಡೆದ ಆ ಹೊಡೆತ ಅವನ ಜೀವಮಾನದಲ್ಲೇ ಸಿಕ್ಕಿರದಷ್ಟು ಚೆನ್ನಾಗಿ ಸಿಕ್ಕಿತು. ಕೈಗೆ ಏನೂ ತಗುಲಿದಂತೆಯೇ ಆಗಲಿಲ್ಲ. ಚೆಂಡು ಬಂಡೆಗಳಿಗಿಂತ ಎತ್ತರಕ್ಕೆ ಏರಿ ಗುಡ್ಡೆಯಾಚೆ ಇಳಿಯಿತು. ಒಣಗಿದ ತೆಂಗಿನಕಾಯಿ ಕಲ್ಲಿಗೆ ಬಿದ್ದಂಥ ಸದ್ದೊಂದು ಕೇಳಿಸಿತು. ಮರಕ್ಕೆ ಬಡಿಯಿತೇನೋ ಎಂದುಕೊಂಡ ಲೋಕೇಶ್ ಖುಷಿಯಿಂದ ಓಡಿದ. ದೇವರಾಜು ಮಂಡಿಯೂರಿ ಕೂತಿದ್ದ. ಸನ್ನೆಯನ್ನು ನಂಬಿ, ಚೆಂಡು ಬೀಳಬೇಕಾಗಿದ್ದ ಇಪ್ಪತ್ತು ಹೆಜ್ಜೆ ಮುಂದಿನ ಹುಲ್ಲನ್ನು ಇನ್ನೂ ನೋಡುತ್ತಿದ್ದ. ಕಿವಿಯಿಂದ ರಕ್ತ ಕಾಲರಿನೊಳಕ್ಕೆ ಇಳಿಯುತ್ತಿತ್ತು. “ಚೆಂಡ್ ಕಾಣ್ಲಿಲ್ಲ ಲೋಕಿ,” ಎಂದು ತಪ್ಪು ಮಾಡಿದವನ ಹಾಗೆ ಹೇಳಿ ಮುಂದಕ್ಕೆ ಮುಗ್ಗರಿಸಿದ.

* * *

ಹೆಣವನ್ನು ಇಳಿಸಿದಾಗ ಸೂರ್ಯ ನೆತ್ತಿಯಿಂದ ಒಂಚೂರು ವಾಲಿದ್ದ. ಹುರುಳಿ ಕಿತ್ತ ಹೊಲ ಗುಂಡಿಯಿಂದ ಆಚೆಗೆ ಚಪ್ಪಟೆಯಾಗಿ ಹರಡಿತ್ತು. ತಮಟೆ ನಿಂತಿತು. ಒಬ್ಬೊಬ್ಬರೇ ಬಂದು ಮೂರು ಮೂರು ಹಿಡಿ ಮಣ್ಣು ಹಾಕುತ್ತ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ ಎಂದು ಸತ್ತವನಿಗೆ ಹೇಳಿ ಸರಿಯುತ್ತಿದ್ದರು. ಹಲ್ಲು ಮುರಿಸಿಕೊಂಡ ನೆಂಟನೂ ಬಾಯಿಗೆ ಬಟ್ಟೆ ಒತ್ತಿಕೊಂಡು ಬಂದು ಹಾಕಿದ. ಹಬೀಬ್ ಹಾಕಿದ.

ಲೋಕೇಶನ ಸರದಿ ಬಂತು. ಒಂದು ಹಿಡಿ ಹಾಕಿದ. ಎರಡನೆಯದೂ ಬಿತ್ತು. ಮೂರನೆಯ ಹಿಡಿಯನ್ನು ಅವನ ಬೆರಳು ಬಿಡಲಿಲ್ಲ. ‘ತಪ್ಪಿದ್ದರೆ’ ಎನ್ನುವ ಮಾತು ಬಾಯಿಗೆ ಬರಲಿಲ್ಲ. ಯಾವ ನಾಲಿಗೆಯಲ್ಲಿ ಅದನ್ನು ಹೇಳುವುದು? ಅವನು ಅಲ್ಲಿಯೇ ಕುಸಿದು ಕೂತ.

“ಅಕ್ಕಾ, ಸೈನ್ ಹಾಕ್ಬ್ಯಾಡ.”

ಹಬೀಬ್ “ಲೋಕೇಶ್” ಎಂದು ಮೆಲ್ಲಗೆ ಅಂದ.

“ಭಾವ ಸರ್ಯಾಗೇ ನಿಂತಿದ್ದ. ಕುಡ್ದಿರ್ಲಿಲ್ಲ. ನಾನ್ ಕೋಲ್ ಬದ್ಲಾಯ್ಸಿದ್ದೆ. ಹೈಬ್ರಿಡ್ ಹಿಡ್ದಿದ್ದೆ. ಹೇಳ್ಲಿಲ್ಲ. ಕಬ್ಣ ಅಂತ ಒಂದ್ ಕೈ ಎತ್ತಿ ತೋರ್ಸಿದ್ದೆ. ಅವ್ನು ಅದ್ಕೇ ಅಲ್ ನಿಂತಿದ್ದ.”

ಯಾರಿಗೂ ಮೊದಲು ಅರ್ಥವಾಗಲಿಲ್ಲ. ಭಾನುಪ್ರಿಯಳಿಗೆ ಮಾತ್ರ ಪೂರ್ತಿ ಅರ್ಥವಾಯಿತು. ಇಪ್ಪತ್ತು ವರ್ಷ ಗಂಡನ ಬಾಯಲ್ಲಿ ಒಂದು ಕೈ ಎರಡು ಕೈ ಎಂದು ಕೇಳಿದವಳು ಅವಳು.

“ಯಾಕ್ ಹೇಳ್ಲಿಲ್ಲ?”

“ಚೆನ್ನಾಗ್ ಹೊಡ್ದೆ ಅನ್ನಿಸ್ಕಬೇಕಿತ್ತು ಅಕ್ಕ.”

“ಯಾರ್ ಕೈಲಿ?”

“ಭಾವನ್ ಕೈಲಿ.”

ಭಾನುಪ್ರಿಯ ತಮ್ಮನನ್ನು ಮೊದಲ ಸಲ ನೋಡುತ್ತಿರುವವಳಂತೆ ನೋಡಿದಳು. ಆಮೇಲೆ ಬಿದ್ದ ಏಟು ಆ ನೋಟಕ್ಕಿಂತ ಲೋಕೇಶನಿಗೆ ಹಗುರವೆನಿಸಿತು. ಪ್ರಕಾಶ್ ಸಲಿಕೆಯ ಹಿಡಿಯಿಂದ ಅವನ ಬೆನ್ನಿಗೆ ಹೊಡೆದ. ಎರಡನೆಯದು ಭುಜಕ್ಕೆ. ಮೂರನೆಯದಕ್ಕೆ ಮೂಗಿನ ಎಲುಬು ಮುರಿದು ಮುಖವೆಲ್ಲ ಬಿಸಿಯಾಯಿತು. ಬಿಡಿಸಲು ಬಂದ ಹಬೀಬನ ಎದೆಗೆ ಸಲಿಕೆ ತಾಗಿ ಅವನು ಮಣ್ಣಿನ ಗುಡ್ಡೆಯ ಮೇಲೆ ಬಿದ್ದ. ಲೋಕೇಶ್ ಕೈ ಅಡ್ಡ ತರಲಿಲ್ಲ. ಗುಂಡಿಯ ಅಂಚಿನಲ್ಲಿ ಬೋರಲು ಬಿದ್ದವನ ಬಾಯಿಂದ ರಕ್ತ ಭಾವನ ಹೊಸ ಪಂಚೆಯ ಮೇಲೆ ತೊಟ್ಟಿಕ್ಕಿತು. ಪ್ರಕಾಶ್ ಸಲಿಕೆಯನ್ನು ತಿರುಗಿಸಿ ಹಿಡಿದು ಅವನ ಮೊಣಕಾಲಿಗೆ ಗುರಿಯಿಟ್ಟ.

“ಬುಡ್ಲಾ!” ಎಂದಳು ಅಂಬುಜಮ್ಮ.

ಪ್ರಕಾಶ್ ಬಿಡಲಿಲ್ಲ. ಮುದುಕಿ ಬಂದು ಸಲಿಕೆಯ ಕಬ್ಬಿಣವನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಕಾಲ್ ಮುರೀಬ್ಯಾಡ. ಅವ್ನ್ ನಡೀಬೇಕು.” ಆಮೇಲೆ ಲೋಕೇಶನ ಕಡೆ ಬಗ್ಗಿದಳು. “ಏಳ್ಲಾ. ನನ್ ಮಗ ಎಲ್ ನಿಂತಿದ್ದ, ನಂಗ್ ತೋರ್ಸು.”

“ಅದು ಕ್ಲಬ್ನಲ್ಲಿ ಅವ್ವ…”

“ನಾನೆಲ್ಲಿ ನೋಡೀನಿ ಕ್ಲಬ್ಬ? ಇಪ್ಪತ್ತೆರಡ್ ವರ್ಷ ಒಳೀಕ್ ಬುಡ್ಲಿಲ್ಲ ಗೇಟ್ನೋರು. ಇಲ್ಲೇ ತೋರ್ಸು. ಇಲ್ಲಿಂದ ನೀನ್ ಹೊಡೆದೆ ಅನ್ಕೊ. ಅವ್ನ್ ಎಷ್ಟ್ ದೂರ ನಿಂತಿದ್ದ? ಎಲ್ರೂ ನೋಡ್ಲಿ.”

ಲೋಕೇಶ್ ಎದ್ದ. ಗುಂಡಿಗೆ ಬೆನ್ನು ಮಾಡಿ ಹುರುಳಿಯ ಕೂಳೆಯ ಮೇಲೆ ನಡೆಯತೊಡಗಿದ. ಗಟ್ಟಿಯಾಗಿ ಎಣಿಸಿದ. ಇಪ್ಪತ್ತು, ಮೂವತ್ತು. ಮೂಗಿನಿಂದ ಹರಿದದ್ದು ಶರ್ಟಿನ ಮೇಲೆ ಬೀಳುತ್ತಿತ್ತು. ಅರವತ್ತಕ್ಕೆ ಜನರ ಗುಸುಗುಸು ಕೇಳಿಸುತ್ತಿತ್ತು. ನೂರಕ್ಕೆ ಅದೂ ನಿಂತಿತು. ನೂರಾ ನಲವತ್ತು, ನೂರಾ ತೊಂಬತ್ತು. ಹಳೆಯ ಕೋಲಾಗಿದ್ದರೆ ಚೆಂಡು ಇಲ್ಲಿಗೇ ಬಿದ್ದು ಸುಮ್ಮನಾಗುತ್ತಿತ್ತು. ಅವನು ಒಂದು ಗಳಿಗೆ ಅಲ್ಲಿ ತಡೆದ. ಮತ್ತೆ ಇಪ್ಪತ್ತು ಹೆಜ್ಜೆ ಎಣಿಸಿ, ಇನ್ನೂರ ಹತ್ತಕ್ಕೆ ನಿಂತು, ಹಿಂದಕ್ಕೆ ತಿರುಗಿದ.

ಇಷ್ಟು ದೂರದಿಂದ ಮಣ್ಣಿಗೆ ಬಂದವರೆಲ್ಲ ಹೆಬ್ಬೆರಳಿನಷ್ಟು ಕಾಣುತ್ತಿದ್ದರು. ಬಿಳಿ ಸೀರೆಯ ಅಂಬುಜಮ್ಮ ಅವನ ಕಡೆ ಬೆರಳು ತೋರಿಸಿ ಹಬೀಬನಿಗೆ ಏನೋ ಹೇಳುತ್ತಿದ್ದಳು. ಹಬೀಬ್ ತಲೆ ತಗ್ಗಿಸಿದ. ಸಿರಿ ಕೈಯಲ್ಲಿದ್ದ ಕಾಗದವನ್ನು ಹರಿದಳು, ಚೂರುಗಳು ಗಾಳಿಗೆ ಹೋದವು. ನೆಂಟರೆಲ್ಲ ಒಬ್ಬರನ್ನೊಬ್ಬರು ನೋಡಿಕೊಂಡರು. ಭಾನುಪ್ರಿಯ ಮಾತ್ರ ಇತ್ತ ತಿರುಗಲೇ ಇಲ್ಲ. ಬಗ್ಗಿ ಬಗ್ಗಿ ಗುಂಡಿಗೆ ಮಣ್ಣು ತಳ್ಳುತ್ತಿದ್ದಳು.

ಪ್ರಕಾಶ್ ಗುಂಪಿನಿಂದ ಈಚೆಗೆ ಬಂದ. ತೋಡುವಾಗ ಸಿಡಿದಿದ್ದ ಬಂಡೆಯ ಚೂರೊಂದನ್ನೆತ್ತಿ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಬೀಸಿದ. ಕಲ್ಲು ಹೊಲದ ಅರ್ಧಕ್ಕೂ ಬರಲಿಲ್ಲ. ಇನ್ನೊಂದು ಬೀಸಿದ. ಅದೂ ದೂರದಲ್ಲೇ ಧೂಳೆಬ್ಬಿಸಿ ಬಿತ್ತು. ಅವನು ಅಳುತ್ತ ಕೂಗುತ್ತ ಒಂದರ ಹಿಂದೊಂದು ಎಸೆಯುತ್ತಲೇ ಇದ್ದ. ಒಂದೂ ತಲುಪಲಿಲ್ಲ, ಯಾರೂ ತಡೆಯಲಿಲ್ಲ.

ಲೋಕೇಶ್ ಸ್ವಲ್ಪ ಹೊತ್ತು ನೋಡಿದ. ಆಮೇಲೆ ನಿಂತ ಜಾಗ ಬಿಟ್ಟು, ಎಣಿಸದೆ, ಕಲ್ಲುಗಳು ಬೀಳುತ್ತಿದ್ದ ಕಡೆಗೆ ನಡೆದು ಬಂದು ಅವುಗಳ ನಡುವೆ ನಿಂತುಕೊಂಡ.